ಮೂಗುಗಾಡಿಗೆ ಸಿಗದ ಡಬ್ಬಿ

ಕಸದ ಗಾಡಿ ಎಂದಿನಂತೆ ಹಾಡು ಹೇಳಿಕೊಂಡೇ ಬಂತು. ಆದರೆ ಅಡ್ಡರಸ್ತೆಯ ಹಸಿರು ಗೇಟಿನ ಮನೆಯೆದುರು ಹಾಡು ತಾನಾಗಿ ನಿಂತಿತು, ಗಾಡಿಯೂ ನಿಂತಿತು. ಅದರ ಮುಂದುಗಡೆ ಸೋರೆಕಾಯಿಯಂತೆ ಚಾಚಿಕೊಂಡಿದ್ದ ಬೂದು ಬಣ್ಣದ ಕೊಳವೆ ನಿಧಾನವಾಗಿ ಎಡಕ್ಕೆ ತಿರುಗಿ ಆ ಮನೆಯ ಕಡೆ ಮುಖ ಮಾಡಿತು. ತುದಿಯಲ್ಲಿ ನೀಲಿ ದೀಪ ಹೊತ್ತಿಕೊಂಡಿತು.

"ಅಕ್ಕಾ, ಮನೇಲಿ ಹಳೇ ಬ್ಯಾಟ್ರಿ ಏನಾದ್ರೂ ಇದ್ಯಾ?" ಗಾಡಿ ಓಡಿಸುವ ರುಬೀನಾ ಇಳಿದು ಕೇಳಿದಳು.

ಕಸದ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸಿನ ಮುಖ ಬಿಳಿಚಿಕೊಂಡಿತು. "ಇಲ್ವಲ್ಲಮ್ಮ. ನಮ್ಮನೇಲಿ ಅಂಥಾದ್ದೆಲ್ಲ ಯಾರೂ ಸೇದಲ್ಲ."

"ಯಾರು ಸೇದ್ತಾರೆ ಅಂತ ನಾನೆಲ್ಲಿ ಕೇಳ್ದೆ? ಒಂದು ಬ್ಯಾಟ್ರಿ ಒಳಗೆ ಊದ್ಕೊಂಡು ಕೂತಿದೆ, ನಂಗೆ ಗೊತ್ತಿರೋದು ಅಷ್ಟೆ. ಹುಡುಕಿ ಕೊಡಿ, ತಗೊಂಡ್ಹೋಗ್ತೀವಿ. ಹೆಸರು ಗಿಸರು ಏನೂ ಕೇಳಲ್ಲ."

ಹುಡುಕಿದಾಗ ಸಿಕ್ಕಿದ್ದು ಚಪ್ಪಲಿ ಗೂಡಿನಲ್ಲಿದ್ದ ಮಗನ ಹಳೆಯ ಷೂ ಒಳಗೆ. ಪೆನ್ನಿನಷ್ಟು ಉದ್ದದ ಇ-ಸಿಗರೇಟು, ನಡುವೆ ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು. ರುಬೀನಾ ದಪ್ಪ ಕೈಗವಸು ಹಾಕಿಕೊಂಡು ಅದನ್ನು ಅಲುಗಾಡಿಸದೆ ಎತ್ತಿದಳು. ಚಾರ್ಜ್ ಮಾಡುವ ತುದಿಗೆ ಟೇಪು ಸುತ್ತಿ, ಒಣ ಮರಳು ತುಂಬಿದ ಮಣ್ಣಿನ ಮಡಕೆಯೊಳಗೆ ಮಲಗಿಸಿದಳು. ಮೇಲೆ ಇನ್ನೊಂದು ಹಿಡಿ ಮರಳು ಸುರಿದು ಮುಚ್ಚಳವನ್ನು ಸುಮ್ಮನೆ ಇಟ್ಟಳೇ ಹೊರತು ಒತ್ತಲಿಲ್ಲ. ಹೆಂಗಸು ಕಣ್ಣೊರೆಸಿಕೊಂಡು, ಬೇಡ ಎಂದರೂ ಬಿಡದೆ ರುಬೀನಾಳಿಗೆ ಕಾಫಿ ಕುಡಿಸಿ ಕಳಿಸಿದಳು.

ಗಾಡಿಯ ಹಿಂದೆ ನಡೆದು ಬರುತ್ತಿದ್ದ ಡಾ. ಇಂಚರಾಗೆ ಇದನ್ನು ಎಷ್ಟು ಸಲ ನೋಡಿದರೂ ಸಾಕಾಗುತ್ತಿರಲಿಲ್ಲ. ಆ ಕೊಳವೆಯನ್ನು ಕಂಡುಹಿಡಿದವಳು ಅವಳು. ಕಾಗದಪತ್ರಗಳಲ್ಲಿ ಅದರ ಹೆಸರು ಆಘ್ರಾಣಿ. ಬಿಳಿಕಲ್ಲೂರಿನ ಜನ ಅಷ್ಟೆಲ್ಲ ನಾಲಿಗೆ ಹೊರಳಿಸುವ ಗೋಜಿಗೆ ಹೋಗದೆ ಅದನ್ನು ಮೂಗು ಎಂದರು, ಗಾಡಿಯನ್ನು ಮೂಗುಗಾಡಿ ಎಂದರು. ಇಂಚರಾ ಮೊದಮೊದಲು ಮುಖ ಗಂಟಿಕ್ಕಿದ್ದಳು. ಆಮೇಲೆ ತಾನೂ ಮೂಗು ಎನ್ನತೊಡಗಿದ್ದಳು.

ಇ-ಸಿಗರೇಟಿನ ಮಾರಾಟಕ್ಕೆ ನಿಷೇಧ ಬಂದು ಆಗಲೇ ನಲವತ್ತು ವರ್ಷದ ಮೇಲಾಗಿತ್ತು. ನಿಷೇಧವೇನೋ ಇತ್ತು, ಮಾಲೂ ಇತ್ತು. ಕದ್ದು ಕೊಂಡದ್ದನ್ನು ಕದ್ದೇ ಸೇದಬೇಕು, ಮುಗಿದ ಮೇಲೆ ಕದ್ದೇ ಎಸೆಯಬೇಕು. ಅದರ ಹೊಟ್ಟೆಯಲ್ಲಿ ಕಿರುಬೆರಳಿನಷ್ಟು ಲಿಥಿಯಂ ಬ್ಯಾಟರಿ ಇರುತ್ತದೆ. ಎರಡು ತೆಳು ಹಾಳೆಗಳ ನಡುವೆ ಒಂದು ಪರದೆಯಿಟ್ಟು, ಸುರುಳಿ ಸುತ್ತಿ, ಬೇಗ ಹೊತ್ತಿಕೊಳ್ಳುವ ದ್ರವದಲ್ಲಿ ನೆನೆಸಿದ ವಸ್ತು ಅದು. ಬಿದ್ದು ಜಜ್ಜಿದರೆ, ಬಿಸಿಲಿಗೆ ಬಿಟ್ಟರೆ, ಅಳತೆ ಮೀರಿ ಚಾರ್ಜ್ ಮಾಡಿದರೆ ಪರದೆ ಹಾಳಾಗುತ್ತದೆ. ದ್ರವ ಅನಿಲವಾಗಿ ಬ್ಯಾಟರಿ ಊದಿಕೊಳ್ಳುತ್ತದೆ. ಬಿಡಿ ಬ್ಯಾಟರಿಯಾದರೆ ಜೇಬಿನ ಬೀಗದಕೈಯೋ ಚಿಲ್ಲರೆಯೋ ಎರಡು ತುದಿಗಳನ್ನು ಕೂಡಿಸಿದರೂ ಸಾಕು, ಬೆಂಕಿ ಹತ್ತಿಕೊಳ್ಳುತ್ತದೆ. ಒಮ್ಮೆ ಹತ್ತಿಕೊಂಡರೆ ನೀರು ಸುರಿದರೂ ಸುಲಭಕ್ಕೆ ಆರುವುದಿಲ್ಲ. ಬಿಳಿಕಲ್ಲೂರಿನ ಕಸ ಒತ್ತುವ ಲಾರಿಯೊಳಗೆ ಅಂಥದ್ದೊಂದು ಸಿಡಿದು ಇಬ್ಬರು ಪೌರಕಾರ್ಮಿಕರು ಸುಟ್ಟು ಸತ್ತಿದ್ದರು. ಅವರಲ್ಲಿ ಒಬ್ಬಳು ರುಬೀನಾಳ ತಾಯಿ.

ಆದರೆ ಈ ಬ್ಯಾಟರಿ ಹೇಳದೆ ಕೇಳದೆ ಸಿಡಿಯುವುದು ಕಡಿಮೆ. ಕೆಡತೊಡಗಿದಾಗ ಉಗುರುಬಣ್ಣದಂಥ ಸಿಹಿ ವಾಸನೆಯನ್ನು ಹೊರಗೆ ಬಿಡುತ್ತದೆ, ಮನುಷ್ಯರ ಮೂಗಿಗೆ ತಿಳಿಯದಷ್ಟು ಸಣ್ಣಗೆ. ಗಂಡು ಪತಂಗ ಹೆಣ್ಣಿನ ವಾಸನೆಯನ್ನು ಎಷ್ಟೋ ದೂರದಿಂದ ಹಿಡಿಯುತ್ತದಲ್ಲ, ಅದರ ಮೀಸೆಯಲ್ಲಿರುವಂಥ ಪ್ರೋಟೀನಿನ ಎಳೆಗಳನ್ನೇ ಇಂಚರಾ ಪ್ರಯೋಗಾಲಯದಲ್ಲಿ ಬೆಳೆಸಿ, ಈ ಒಂದು ವಾಸನೆಗೆ ಮಾತ್ರ ನಡುಗುವಂತೆ ಪಳಗಿಸಿದ್ದಳು. ಎಳೆ ನಡುಗಿದರೆ ದೀಪ ಹೊತ್ತುತ್ತದೆ. ಗಾಡಿ ಊರು ಸುತ್ತಲು ಶುರುಮಾಡಿದ ಮೇಲೆ ಕಸದಲ್ಲಿ ಬೆಂಕಿ ಬಿದ್ದ ಸುದ್ದಿ ಅಪರೂಪವಾಯಿತು. ಯಾರ ಮನೆ ಎಂದು ಎಲ್ಲಿಯೂ ದಾಖಲಾಗದು ಎಂದು ಅವಳು ಮೊದಲ ದಿನವೇ ಮಾತು ಕೊಟ್ಟಿದ್ದಳು. ಜನ ನಂಬಿದ್ದು ಯಂತ್ರವನ್ನಲ್ಲ, ಆ ಮಾತನ್ನು.

ಆ ಮಾತು ಮುರಿದದ್ದು ನಗರಸಭೆಯ ಆಯುಕ್ತ ಭುವನೇಶ್ವರನ ಕೋಣೆಯಲ್ಲಿ, ಬಿಸ್ಕತ್ತು ತಿನ್ನುತ್ತ.

"ಮೇಡಂ, ದೀಪ ಎಲ್ಲೆಲ್ಲಿ ಹತ್ತುತ್ತೆ ಅಂತ ಗಾಡಿಗೆ ಗೊತ್ತಿರುತ್ತೆ. ನಮಗೆ ಗೊತ್ತಾದ್ರೆ ತಪ್ಪೇನು? ಅಂಥಾ ಮನೆಯವರ ಹೆಸರನ್ನ ವಾರ್ಡ್ ಆಫೀಸಿನ ಪರದೆ ಮೇಲೆ ಹಾಕೋಣ. ಕಾಲೇಜಿನ ಮಕ್ಕಳಾದ್ರೆ ಕಾಲೇಜಿಗೊಂದು ಕಾಗದ."

"ಜನ ಹೆದರ್ತಾರೆ ಸಾರ್."

"ಹೆದರ್ಲಿ ಅಂತಾನೇ ಅಲ್ವಾ? ಒಪ್ಕೊಳಿ, ಊರಿಗೆಲ್ಲ ಸಾಕಾಗೋಷ್ಟು ಗಾಡಿ ಕೊಡಿಸ್ತೀನಿ. ಈಗ ಅರ್ಧ ಊರಿಗೆ ನಿಮ್ಮ ಮೂಗೇ ಇಲ್ಲ."

ಅದು ನಿಜವಾಗಿತ್ತು. ಗಾಡಿ ಹೋಗದ ಬೀದಿಗಳಲ್ಲಿ ಕಸ ತುಂಬುವ ಲೋಡರುಗಳನ್ನು ನೆನೆದು ಅವಳಿಗೆ ಎಷ್ಟೋ ದಿನ ನಿದ್ದೆ ಬಂದಿರಲಿಲ್ಲ. ಅವಳು ಒಪ್ಪಿದಳು. ಒಳ್ಳೆಯ ಕೆಲಸಕ್ಕಾಗಿ ಸ್ವಲ್ಪ ಬಗ್ಗಿದೆ ಎಂದು ತನಗೆ ತಾನೇ ಹೇಳಿಕೊಂಡಳು. ವಿದ್ಯಾವಂತರು ತಪ್ಪು ಮಾಡುವಾಗ ಹೇಳಿಕೊಳ್ಳುವುದು ಸಾಮಾನ್ಯವಾಗಿ ಇದನ್ನೇ.

ಹೊಸ ನಿಯಮ ತಿಳಿಸಲು ಸಮುದಾಯ ಭವನದಲ್ಲಿ ಸಭೆ ಸೇರಿಸಿದರು. ಮುಂದಿನ ಸಾಲಿನಲ್ಲಿ ಇಂಚರಾಳ ಅಕ್ಕ ಸಿಂಚನ ರೇಷ್ಮೆ ಸೀರೆಯುಟ್ಟು, ಪಕ್ಕದವರಿಗೆಲ್ಲ "ನನ್ ತಂಗಿ" ಎಂದು ಹೇಳಿಕೊಳ್ಳುತ್ತ ಕುಳಿತಿದ್ದಳು. ಗಂಡ ತೀರಿಹೋದ ಮೇಲೆ ಹೊಲಿಗೆ ತರಗತಿ ನಡೆಸಿ ಮಗಳನ್ನು ನರ್ಸಿಂಗ್ ಓದಿಸುತ್ತಿದ್ದ ಹೆಂಗಸು ಅವಳು. ತಂಗಿಯ ವೇದಿಕೆಯ ಸಂಭ್ರಮ ಅವಳ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಭಾಷಣಗಳೆಲ್ಲ ಮುಗಿದ ಮೇಲೆ ಹಿಂದಿನಿಂದ ಯಾರೋ ಎದ್ದು ನಿಂತು ಕೇಳಿದರು: "ಮೇಡಂ, ಆ ಮೂಗಿಗೆ ಗೊತ್ತಾಗ್ದೇ ಇರೋ ಜಾಗ ಅಂತ ಯಾವ್ದಾದ್ರೂ ಇದ್ಯಾ?"

ಸಭೆ ಗೊಳ್ಳೆಂದು ನಕ್ಕಿತು. ಇಂಚರಾಳೂ ನಕ್ಕಳು. ಯಂತ್ರದ ಬಗ್ಗೆ ಸುಳ್ಳು ಹೇಳುವುದು ಅವಳ ಜಾಯಮಾನವಲ್ಲ. "ಗೋಡೆ, ಬೀರು, ಪ್ಲಾಸ್ಟಿಕ್ಕು ಯಾವುದೂ ಅಡ್ಡ ಬರಲ್ಲ. ಗಾಳಿಯೇ ಆಡದ ಹಾಗೆ ಮುಚ್ಚಿದ ಸ್ಟೀಲ್ ಡಬ್ಬಿ ಒಂದಿದೆ ನೋಡಿ, ಅದರೊಳಗಿನದು ಗೊತ್ತಾಗಲ್ಲ. ಆದ್ರೆ ಬ್ಯಾಟರೀನ ಹಾಗೆ ಮುಚ್ಚಿಡೋ ಅಷ್ಟು ದಡ್ಡರು ಯಾರಿದ್ದಾರೆ?" ಎಂದಳು.

ಯಾಕೆ ದಡ್ಡತನ ಎಂದು ವಿವರಿಸುವ ಮೊದಲೇ ಆಯುಕ್ತ ವಂದನಾರ್ಪಣೆಗೆ ಎದ್ದ.

ಮುಂದಿನ ತಿಂಗಳುಗಳಲ್ಲಿ ನೀಲಿ ದೀಪ ಹೊತ್ತುವುದು ಕಡಿಮೆಯಾಗುತ್ತ ಹೋಗಿ ಕೊನೆಗೆ ನಿಂತೇಹೋಯಿತು. ಗಾಡಿಗಳು ಹಾಡು ಹೇಳಿಕೊಂಡು ಬೀದಿಯ ಈ ತುದಿಯಿಂದ ಆ ತುದಿಗೆ ನಿಲ್ಲದೆ ಸಾಗುತ್ತಿದ್ದವು. ಬಿಳಿಕಲ್ಲೂರಿಗೆ 'ಬ್ಯಾಟರಿಯಿಲ್ಲದ ಊರು' ಎಂದು ರಾಜ್ಯಮಟ್ಟದ ಪ್ರಶಸ್ತಿ ಬಂತು. ಭುವನೇಶ್ವರ ಹಾರ ಹಾಕಿಸಿಕೊಂಡು ಬಂದ. ಎಲ್ಲರೂ ಇಂಚರಾಳ ಕೈಕುಲುಕಿದರು. ಅವಳಿಗೆ ಮಾತ್ರ ಒಂದು ಲೆಕ್ಕ ಹೊಂದುತ್ತಿರಲಿಲ್ಲ. ಸೇದುವುದನ್ನು ಬಿಟ್ಟವರು ಮೊದಲು ಹಳೆಯದನ್ನು ಮನೆಯಿಂದಾಚೆ ಹಾಕಬೇಕಲ್ಲ? ಆದರೆ ಇತ್ತೀಚೆಗೆ ಕಸದಲ್ಲಿ ಒಂದು ಬ್ಯಾಟರಿಯೂ ಬಂದಿರಲಿಲ್ಲ. ಹಾಗಾದರೆ ಇದ್ದವೆಲ್ಲ ಹೋದದ್ದೆಲ್ಲಿಗೆ?

ಉತ್ತರ ಸಿಕ್ಕಿದ್ದು ಪೇಟೆಬೀದಿಯ ಪಾತ್ರೆ ಅಂಗಡಿಯಲ್ಲಿ. ಯುಗಾದಿಗೆ ಅಕ್ಕನಿಗೆ ಕೊಡಲೆಂದು ಅವಳು ಒಂದು ತಿರುಪು ಮುಚ್ಚಳದ ಡಬ್ಬಿ ಕೇಳಿದಳು. ಅಂಗಡಿಯ ಧರಣೇಂದ್ರಯ್ಯ ಕೈ ಆಡಿಸಿಬಿಟ್ಟರು.

"ಖಾಲಿ ತಾಯಿ. ರಬ್ಬರ್ ಸುತ್ತಿರೋ ಮುಚ್ಚಳದ ಡಬ್ಬಿ ಬಂದ ದಿನಾನೇ ಖಾಲಿ. ಅದೂ ಎಂಥಾದ್ದು? ಅಂಗೈಯಷ್ಟು ಸಣ್ಣದೇ ಬೇಕು ಎಲ್ರಿಗೂ. ಏನಿಡ್ತೀರಿ ಅಂದ್ರೆ ಕೇಸರಿ ಅಂತಾರೆ. ಊರಿಗೆ ಊರೇ ಕೇಸರಿ ತಿಂತಿದೆಯೇನೋ."

ಇಂಚರಾ ಅಂಗಡಿಯ ಕಟ್ಟೆ ಹಿಡಿದುಕೊಂಡು ನಿಂತಳು. ಊದಿದ ಬ್ಯಾಟರಿ ಬಿಡುವ ಅನಿಲಕ್ಕೆ ಹೊರಗೆ ಹೋಗಲು ದಾರಿ ಬೇಕು. ಬಿಗಿಯಾಗಿ ಮುಚ್ಚಿದ ಸ್ಟೀಲ್ ಡಬ್ಬಿಯೊಳಗೆ ಅದು ದಿನದಿನಕ್ಕೂ ಒತ್ತಡವಾಗಿ ತುಂಬಿಕೊಳ್ಳುತ್ತದೆ, ಬೆಂಕಿ ತಾಗಿದರೆ ಹೊತ್ತಿಕೊಳ್ಳುವ ಅನಿಲ. ಸುಮ್ಮನೆ ಉರಿದು ಹೋಗಬಹುದಾಗಿದ್ದ ವಸ್ತುವನ್ನು ಜನ ಬಾಂಬು ಮಾಡಿಟ್ಟುಕೊಂಡಿದ್ದರು, ಅದೂ ಅವಳ ಬಾಯಿಂದ ಕೇಳಿಕೊಂಡು. ಮನೆಗೆ ನಡೆದು ಬರುವಾಗ ಪ್ರತಿಯೊಂದು ಕಿಟಕಿಯನ್ನೂ ನೋಡಿ ಅವಳಿಗೆ ಭಯವಾಯಿತು.

ಅಂದೇ ಆಯುಕ್ತನಿಗೆ ಫೋನ್ ಮಾಡಿದಳು. ಹಬ್ಬ ಕಳೆಯಲಿ, ನೋಡೋಣ ಎಂದ ಅವನು.

ಯುಗಾದಿಯ ಬೆಳಿಗ್ಗೆ ಅಕ್ಕನ ಮನೆಗೆ ಹೋದಾಗ ಸಿಂಚನ ಒಲೆಯ ಮುಂದೆ ಒಬ್ಬಟ್ಟು ಬೇಯಿಸುತ್ತಿದ್ದಳು. ಹೊಲಿಗೆ ತರಗತಿಯ ಹುಡುಗಿಯರಿಗೆಲ್ಲ ಹಂಚಬೇಕೆಂದು ಬೆಳಗಿನಿಂದ ಒಲೆ ಆರಿಸಿರಲಿಲ್ಲ. ಸಣ್ಣ ಅಡುಗೆಮನೆ ಅಟ್ಟದವರೆಗೂ ಕಾದು ಕೆಂಡವಾಗಿತ್ತು. ಮಗಳು ಪ್ರಣತಿ ಪಡಸಾಲೆಯಲ್ಲಿ ಬೇವು ಬೆಲ್ಲ ಕಲಸುತ್ತ, "ಚಿಕ್ಕಮ್ಮ, ಲೇಟು" ಎಂದು ರೇಗಿಸಿದಳು.

ಇಂಚರಾ ಅಕ್ಕನ ಪಕ್ಕದಲ್ಲಿ ಕುಳಿತು ಹೂರಣದ ಉಂಡೆ ಕಟ್ಟತೊಡಗಿದಳು. "ಅಕ್ಕ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಪ್ರಣತಿ ಹತ್ರ ಆ ಹೊಗೆ ಪೆನ್ನು ಗಿನ್ನು ಏನಾದ್ರೂ ಇತ್ತಾ?" ಎಂದಳು.

"ಇದೇನೇ ಹಬ್ಬದ ದಿನ?"

"ಅವಳ ವಯಸ್ಸಿನವರು ಸುಮಾರು ಜನ ಸೇದ್ತಾರೆ, ಅದಕ್ಕೆ ಕೇಳ್ದೆ. ಇದ್ರೆ ನನ್ ಕೈಗೆ ಕೊಡು. ಒಂದು ನರಪಿಳ್ಳೆಗೂ ಗೊತ್ತಾಗಲ್ಲ."

ಸಿಂಚನ ಕಣಕ ತಟ್ಟುವುದನ್ನು ನಿಲ್ಲಿಸಲಿಲ್ಲ. "ನನ್ ಮಗಳನ್ನ ನಾನು ಹಂಗೆ ಬೆಳೆಸಿಲ್ಲ. ನಮ್ಮನೇಲಿ ಅಂಥಾದ್ದೇನೂ ಇಲ್ಲ."

ಇಂಚರಾಳ ಬ್ಯಾಗಿನಲ್ಲಿ ಲಿಪ್‌ಸ್ಟಿಕ್‌ನಷ್ಟು ಸಣ್ಣ ಮೂಗೊಂದು ಸದಾ ಇರುತ್ತಿತ್ತು. ಅಕ್ಕ ಆಚೆ ತಿರುಗಿದಾಗ ಸೆರಗಿನ ಮರೆಯಲ್ಲಿ ಅದನ್ನು ಒತ್ತಿದಳು. ದೀಪ ಹೊತ್ತಲಿಲ್ಲ. ದೀಪ ಹೊತ್ತದಿರುವುದಕ್ಕೆ ಈಗ ಯಾವ ಅರ್ಥವೂ ಇಲ್ಲವೆಂಬುದು ಇಡೀ ಊರಿನಲ್ಲಿ ಯಾರಿಗಾದರೂ ಚೆನ್ನಾಗಿ ಗೊತ್ತಿದ್ದರೆ ಅದು ಅವಳಿಗೇ. ಆದರೂ ಅವಳಿಗೆ ಹಾಯೆನಿಸಿತು. ಅಕ್ಕನನ್ನು ಸಂಶಯಪಟ್ಟೆನಲ್ಲ ಎಂದು ನಾಚಿಕೆಯೂ ಆಯಿತು. ಅವಳು ಎದ್ದು ಪಡಸಾಲೆಗೆ ಹೋಗಿ ಎಲೆ ಹಾಕತೊಡಗಿದಳು.

"ಅಮ್ಮ, ಈ ಕಾವಲಿ ಅಂಟ್ತಿದೆ ಅಂತಿದ್ಯಲ್ಲ, ಅಟ್ಟದ ಮೇಲಿರೋ ದೊಡ್ಡದು ತೆಗೀಲಾ?" ಪ್ರಣತಿ ಅಡುಗೆಮನೆಗೆ ಹೋಗುತ್ತ ಕೇಳಿದಳು. ಹಿತ್ತಲಿಗೆ ಕೈತೊಳೆಯಲು ಹೋಗಿದ್ದ ಸಿಂಚನಳಿಗೆ ಅದು ಕೇಳಿಸಲಿಲ್ಲ.

ಸ್ಟೂಲು ಎಳೆದ ಸದ್ದು, ಪಾತ್ರೆಗಳು ಸರಿದ ಸದ್ದು, ಆಮೇಲೆ "ಇದೇನಿದು ಡಬ್ಬಿ, ಇಷ್ಟೊಂದು ಬಿಸಿ" ಎಂದ ಪ್ರಣತಿಯ ದನಿ. ಇಂಚರಾ ಕೈಯಲ್ಲಿದ್ದ ಎಲೆಗಳನ್ನು ಬಿಸಾಡಿ ಓಡಿದಳು. "ಅಲ್ಲೇ ಬಿಡು" ಎಂದು ಕೂಗಿದ್ದು ಅವಳಿಗೆ ನೆನಪಿದೆ. ಬಾಗಿಲು ಮುಟ್ಟುವಷ್ಟರಲ್ಲಿ ಅಡುಗೆಮನೆ ಬಿಳಿಯಾಗಿ ಹೊಳೆಯಿತು, ಕಿವಿ ಗುಂಯ್ ಎಂದಿತು.

ಪ್ರಣತಿ ಬದುಕಿದಳು. ಬಲಗೈಯ ಬೆರಳುಗಳಲ್ಲಿ ಹೆಬ್ಬೆರಳು ಮತ್ತು ಕಿರುಬೆರಳು ಉಳಿದವು. ಒಂದು ಕಣ್ಣು ಹೋಯಿತು. ನರ್ಸಿಂಗ್ ಮುಗಿಸುವ ಮಾತನ್ನು ಡಾಕ್ಟರು ಎತ್ತಲಿಲ್ಲ, ಮನೆಯವರೂ ಕೇಳಲಿಲ್ಲ.

ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಸಿಂಚನ ಗೋಡೆಗೆ ಒರಗಿ ಕುಳಿತಿದ್ದಳು. ತಾನಾಗಿಯೇ ಬಾಯಿಬಿಟ್ಟಳು. "ಅವಳ ಬ್ಯಾಗಲ್ಲಿ ಸಿಕ್ತು. ಬೈದೆ, ಹೊಡ್ದೆ, ಬಿಟ್ಬಿಟ್ಲು. ಅದು ಉಬ್ಕೊಂಡಿತ್ತು. ಕಸಕ್ಕೆ ಹಾಕೋ ಹಾಗಿಲ್ಲ, ಮನೇಲಿಡೋ ಹಾಗಿಲ್ಲ. ಪರದೆ ಮೇಲೆ ಹೆಸರು ಬಂದ್ರೆ ಮಾರನೇ ದಿನಾನೇ ಕಾಲೇಜಿಂದ ಆಚೆ. ನೀನು ಅವತ್ತು ಹೇಳಿದ್ಯಲ್ಲ ಡಬ್ಬಿ ವಿಷಯ. ಅದರಲ್ಲಿಟ್ಟು, ಮುಚ್ಚಳದ ಸುತ್ತ ಮೈದಾ ಅಂಟು ಮೆತ್ತಿ ಒಣಗಿಸ್ದೆ. ಗಾಳಿ ತಾಗದಿದ್ರೆ ಏನೂ ಕೆಡಲ್ಲ ಅನ್ಕೊಂಡೆ. ಉಪ್ಪಿನಕಾಯಿ ಇಡಲ್ವಾ ನಾವು, ಹಂಗೆ. ಅವಳಿಗೆ ಅದು ಅಲ್ಲಿರೋದೇ ಗೊತ್ತಿರ್ಲಿಲ್ಲ ಕಣೆ."

"ಹಬ್ಬದ ದಿನ ಕೇಳಿದ್ನಲ್ಲ ಅಕ್ಕ. ನನ್ ಹತ್ರನಾದ್ರೂ ಹೇಳ್ಬಾರ್ದಿತ್ತಾ? ನಾನು ಯಾರಿಗೆ ಹೇಳ್ತಿದ್ದೆ?"

"ನೀನು ಯಾಕೆ ಹೇಳ್ಬೇಕು? ನಿನ್ ಮಿಷನ್ನೇ ಹೇಳುತ್ತಲ್ಲ." ಸಿಂಚನಳ ದನಿಯಲ್ಲಿ ಸಿಟ್ಟಿರಲಿಲ್ಲ. "ಬಾಯಿ ತನಕ ಬಂದಿತ್ತು. ನಿನ್ ಮುಖ ನೋಡ್ದೆ, ಆ ಪರದೆ ನೆನಪಾಯ್ತು. ನುಂಗ್ಕೊಂಡೆ."

ಇಂಚರಾ ಅಕ್ಕನ ಕೈ ಹಿಡಿಯಲು ಹೋದಳು. ಸಿಂಚನ ಕೈ ಎಳೆದುಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ಲೋಡರುಗಳನ್ನು ಉಳಿಸಲು ಕಂಡುಹಿಡಿದ ಯಂತ್ರ ಅವಳ ಮನೆಯ ಮಗುವಿನ ಕೈ ತಿಂದಿತ್ತು, ಅದಕ್ಕೆ ಬಾಯಿ ಕೊಟ್ಟವಳು ತಾನೇ ಎಂದು ಅವಳಿಗೆ ಸ್ಪಷ್ಟವಾಗಿತ್ತು. ಯಂತ್ರ ಕೆಟ್ಟಿರಲಿಲ್ಲ, ಅದು ಹೇಳಿದ ಕೆಲಸ ಮಾಡಿತ್ತು. ಮನೆಯೊಳಗಿನ ಅಪಾಯವನ್ನು ಜನ ಅವಳ ಕೈಗೆ ತಂದುಕೊಡುತ್ತಿದ್ದ ಕಾಲವೊಂದಿತ್ತು. ಆ ಅಪಾಯವನ್ನು ಅವಳೇ ಮತ್ತೆ ಒಳಗೆ ಕಳಿಸಿ ಬಾಗಿಲು ಹಾಕಿದ್ದಳು.

ಮರುದಿನ ಅವಳು ಆಯುಕ್ತನ ಮುಂದೆ ಕುಳಿತುಕೊಳ್ಳಲಿಲ್ಲ, ನಿಂತೇ ಮಾತಾಡಿದಳು. ಪರದೆ ಆರಬೇಕು, ಗಾಡಿಗಳಲ್ಲಿ ದಾಖಲಾದ ಮನೆಗಳ ವಿವರ ಅಳಿಸಬೇಕು, ಕಾಲೇಜಿಗೆ ಕಾಗದ ಬರೆಯುವುದು ನಿಲ್ಲಬೇಕು.

"ಈಗ್ಲಾ? ಪ್ರಶಸ್ತಿ ತಗೊಂಡು ಇನ್ನೂ ಹಾರ ಬಾಡಿಲ್ಲ, ಮೇಡಂ."

"ಊರಲ್ಲಿ ನೂರಾರು ಡಬ್ಬಿ ಇವೆ ಸಾರ್. ಇನ್ನು ಬೇಸಿಗೆ. ನೀವು ಮಾಡದಿದ್ರೆ ಬ್ಯಾಟರಿಯಿಲ್ಲದ ಊರು ಹ್ಯಾಗಾಯ್ತು ಅಂತ ನಾನೇ ಬೀದೀಲಿ ನಿಂತು ಹೇಳ್ತೀನಿ. ಮೊದಲ ಹೆಸರು ನನ್ನದೇ ಹೇಳ್ತೀನಿ."

ಭುವನೇಶ್ವರ ಕೆಟ್ಟವನೇನಲ್ಲ, ಪ್ರಶಸ್ತಿಯ ರುಚಿ ಹತ್ತಿದವನು, ಅಷ್ಟೆ. ಗೊಣಗುತ್ತಲೇ ಪರದೆ ಆರಿಸಿದ. ಇಂಚರಾ ಗಾಡಿಗಳಿಂದ ಮೂಗುಗಳನ್ನು ಬಿಚ್ಚಿಸಿದಳು. ಪ್ರತಿ ವಾರ್ಡಿನ ಉದ್ಯಾನದಲ್ಲಿ, ಗೋಡೆಗೂ ಮರಕ್ಕೂ ದೂರವಾಗಿ, ತಗಡಿನ ನೆರಳಿನ ಕೆಳಗೆ ಮರಳಿನ ಮಡಕೆಗಳನ್ನು ಇಡಿಸಿದಳು. ಕ್ಯಾಮೆರಾ ಇಲ್ಲ, ಕಾವಲಿಲ್ಲ. ರುಬೀನಾ ಧ್ವನಿವರ್ಧಕದಲ್ಲಿ ಬೀದಿಬೀದಿಗೂ ಸಾರಿದಳು: ಡಬ್ಬಿಯ ಮುಚ್ಚಳ ತೆರೆಯಬೇಡಿ, ಕುಲುಕಬೇಡಿ, ನೀರಿಗೆ ಹಾಕಬೇಡಿ. ಒಲೆಯ ಹತ್ತಿರವೋ ಬಿಸಿಲಿನಲ್ಲೋ ಇದ್ದರೆ, ಮುಟ್ಟಿದಾಗ ಬಿಸಿ ಅನಿಸಿದರೆ ಮನೆಯವರೆಲ್ಲ ಹೊರಗೆ ಬಂದು ನಮ್ಮನ್ನು ಕರೆಯಿರಿ. ತಣ್ಣಗಿದ್ದರೆ ಮೆಲ್ಲಗೆ ತಂದು ಮರಳಲ್ಲಿ ಇಟ್ಟು ಹೋಗಿ. ಬಿಡಿ ಬ್ಯಾಟರಿಯಾದರೆ ತುದಿಗಳಿಗೆ ಟೇಪು ಸುತ್ತಿ ತನ್ನಿ. ಯಾರೂ ನೋಡುವುದಿಲ್ಲ, ಯಾರೂ ಕೇಳುವುದಿಲ್ಲ.

ಯಾರೂ ಬರಲೂ ಇಲ್ಲ. ಒಮ್ಮೆ ಮುರಿದ ಮಾತನ್ನು ಎರಡನೇ ಸಲ ಯಾರು ನಂಬುತ್ತಾರೆ? ಮಡಕೆಗಳಲ್ಲಿ ಮರಳು ಮಾತ್ರ ಇತ್ತು. ಪೇಟೆಯ ಹಿಂದಿನ ಬೀದಿಯಲ್ಲಿ ಇನ್ನೊಂದು ಡಬ್ಬಿ ಸಿಡಿದು ಒಂದು ಅಡುಗೆಮನೆ ಹೋಯಿತು. ಪುಣ್ಯಕ್ಕೆ ಮನೆಯವರು ಮದುವೆಗೆ ಹೋಗಿದ್ದರು. ಇಂಚರಾ ದಿನವೂ ಬಂದು ಮಡಕೆಗಳ ಪಕ್ಕದ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದಳು.

ಒಂದು ದಿನ ಸಿಂಚನ ಬಂದಳು. ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಳು. ಬೀದಿಯಲ್ಲಿ ಹೋಗುವವರು ಅವಳನ್ನು ಗುರುತಿಸಿದರು. ಯಾರ ಮನೆಯಲ್ಲಿ ಏನಾಯಿತೆಂದು ಊರಿಗೆಲ್ಲ ಗೊತ್ತಿತ್ತು. ಮಾರನೆಯ ದಿನವೂ ಬಂದಳು. ಆಮೇಲೆ, ತರಕಾರಿ ಚೀಲದೊಳಗೆ ಮುಚ್ಚಿಟ್ಟುಕೊಂಡು ಹೆಂಗಸೊಬ್ಬಳು ಬಂದು, ಸಿಂಚನಳ ಮುಖ ನೋಡಿ, ಮಡಕೆಯಲ್ಲಿ ಅಂಗೈಯಗಲದ ಡಬ್ಬಿಯಿಟ್ಟು ಹೋದಳು. ಅವಳ ಹಿಂದೆ ಇನ್ನೊಬ್ಬರು ಬಂದರು. ಜನ ಇಂಚರಾಳ ಕಡೆ ನೋಡುತ್ತಿರಲಿಲ್ಲ. ಅದು ನ್ಯಾಯವೇ ಎಂದು ಅವಳಿಗೂ ಅನಿಸುತ್ತಿತ್ತು.

ಒಂದು ಮಧ್ಯಾಹ್ನ ಅರವತ್ತರ ಹತ್ತಿರದ ಗಂಡಸೊಬ್ಬರು ಬಂದು ನಿಂತರು. ಇಸ್ತ್ರಿ ಮಾಡಿದ ಷರಟು, ಕೈಯಲ್ಲಿ ಮಡಿಸಿದ ಕರವಸ್ತ್ರ. ಅತ್ತಿತ್ತ ನೋಡಿ, "ಇದು ಡಬ್ಬೀಲಿಲ್ಲ. ಹಂಗೇ ಇದೆ. ಪರವಾಗಿಲ್ವಾ?" ಎಂದರು.

"ಪರವಾಗಿಲ್ಲ ಅಣ್ಣ, ತನ್ನಿ," ಎಂದಳು ಸಿಂಚನ.

ಕರವಸ್ತ್ರದೊಳಗಿದ್ದದ್ದು ಈಗಿನ ಕಾಲದ್ದಲ್ಲ. ಬಣ್ಣ ಮಾಸಿದ, ದಪ್ಪ ಮೈಯ, ಹಳೆಯ ಮಾದರಿಯ ಇ-ಸಿಗರೇಟು. ಅದನ್ನು ಮರಳಿನ ಮೇಲೆ ಇಟ್ಟ ಮೇಲೂ ಅವರು ಹೋಗಲಿಲ್ಲ.

"ಕಾಲೇಜಲ್ಲಿದ್ದಾಗ ತಗೊಂಡಿದ್ದು. ಒಂದು ತಿಂಗಳು ಸೇದಿರ್ಬೇಕು, ಅಷ್ಟೆ. ಅಪ್ಪಂಗೆ ಹೆದರಿ ಬಚ್ಚಿಟ್ಟೆ. ಆಮೇಲೆ ಹೆಂಡ್ತಿಗೆ. ಆಮೇಲೆ ಮಕ್ಕಳಿಗೆ. ಮನೆ ಬದಲಾಯಿಸಿದಾಗೆಲ್ಲ ಇದನ್ನೇ ಮೊದಲು ಜೇಬಿಗೆ ಹಾಕ್ಕೊಳ್ತಿದ್ದೆ. ಈಗ ಮೊಮ್ಮಗ ನಡೆಯೋಕೆ ಶುರುಮಾಡಿದಾನೆ, ಸಿಕ್ಕ ಸಿಕ್ಕ ಡ್ರಾಯರ್ ಎಲ್ಲ ಎಳೀತಾನೆ."

"ಅವತ್ತೇ ಎಲ್ಲಾದ್ರೂ ಕೊಟ್ಬಿಡಬಹುದಿತ್ತಲ್ಲ," ಎಂದಳು ಇಂಚರಾ.

"ಎಲ್ಲಿ ಕೊಡೋದು ಅಂತ ಯಾರನ್ನ ಕೇಳೋದು ಮೇಡಂ? ಕೇಳಿದ್ರೆ ಮೊದಲು, ನಿಂಗ್ಯಾಕೋ ಅದು ಅಂತಾರಲ್ಲ."

ಅವರು ಹೋದ ಮೇಲೆ ಇಂಚರಾ ಕೈಗವಸು ಹಾಕಿಕೊಂಡು ಅದರ ತುದಿಗೆ ಟೇಪು ಸುತ್ತಿದಳು. ತಳದಲ್ಲಿ ತಯಾರಾದ ವರ್ಷ ಇನ್ನೂ ಓದಲು ಬರುತ್ತಿತ್ತು: ೨೦೨೫. ಆ ವರ್ಷದ ಯಾವುದೋ ಒಂದು ಸಂಜೆ ಹುಡುಗನೊಬ್ಬ ಇದನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಏನು ಮಾಡಲಿ ಎಂದು ತಿಳಿಯದೆ, ತನ್ನ ಕೋಣೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದಿರಬೇಕು. ಆಚೆ ಪಡಸಾಲೆಯಲ್ಲಿ ಯಾರೋ ದೊಡ್ಡವರು ಕೂತೇ ಇದ್ದಿರಬೇಕು.